ದೋಣಿಯ ಮೇಲೆ ಕತ್ತಲಾಯಿತು

ಟಿಕೆಟ್ಟು ತೆಗೆದುಕೊಂಡು ಬಂದ ಗಂಡ ಶಿವಣ್ಣ ಪಕ್ಕದ ಕುರ್ಚಿಯಲ್ಲಿ ಕುಳಿತಾಗ ಶಶಿರೇಖಾ ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ಅವನ ಕಡೆಗೆ ಬಾಗಿ ಉಸಿರೆಳೆದುಕೊಂಡಳು. ಬೀಡಿ, ಬೆವರು, ಮಧ್ಯಾಹ್ನ ಹೋಟೆಲಿನಲ್ಲಿ ತಿಂದ ಮೀನುಸಾರು. ಅದನ್ನು ಬಿಟ್ಟರೆ ಬೇರೆ ವಾಸನೆ ಇರಲಿಲ್ಲ. ಅವಳು ನೆಟ್ಟಗೆ ಕುಳಿತು ನೀರಿನ ಕಡೆ ನೋಡಿದಳು. ಎರಡಂತಸ್ತಿನ ದೋಣಿ ಎರ್ನಾಕುಲಂ ದಡಕ್ಕೆ ಒರಗಿಕೊಂಡು ನಿಂತಿತ್ತು. ಮೇಲಿನ ಅಂತಸ್ತಿನಲ್ಲಿ ಸಾಲಾಗಿ ಹಾಕಿದ್ದ ಪ್ಲಾಸ್ಟಿಕ್ ಕುರ್ಚಿಗಳು ಒಂದೊಂದಾಗಿ ತುಂಬುತ್ತಿದ್ದವು. ಸಮುದ್ರದ ದಿಕ್ಕಿನಲ್ಲಿ ಇನ್ನೂ ಬಿಸಿಲಿತ್ತು.

ಉಸಿರು ನೋಡುವ ಈ ಅಭ್ಯಾಸ ಅವಳಿಗೆ ಅವ್ವನಿಂದ ಬಂದದ್ದು. ಅಪ್ಪ ಮನೆಗೆ ಬಂದ ಕೂಡಲೇ ಅವ್ವ ನೀರಿನ ಚೊಂಬು ಕೊಡುವ ನೆಪದಲ್ಲಿ ಹತ್ತಿರ ಹೋಗುತ್ತಿದ್ದಳು. ಅಪ್ಪ ಕುಡಿದು ಕುಡಿದೇ ಸತ್ತ. ಮದುವೆಗೆ ಗಂಡು ನೋಡುವಾಗ ಶಶಿರೇಖಾ ಕೇಳಿದ್ದು ಒಂದೇ ಮಾತು, ಡ್ರೈವರ್ ಆದರೂ ಚಿಂತೆಯಿಲ್ಲ, ಕುಡಿಯಬಾರದು ಎಂದು. ಶಿವಣ್ಣ ಅಷ್ಟು ವರ್ಷ ಆ ಮಾತಿಗೆ ಚ್ಯುತಿ ತಂದಿರಲಿಲ್ಲ. ಗುಂಡ್ಲುಪೇಟೆ ಮಾರುಕಟ್ಟೆಯಲ್ಲಿ ತರಕಾರಿ ತುಂಬಿಕೊಂಡು ಬಂಡೀಪುರದ ಕಾಡು ದಾಟಿ ಕೇರಳಕ್ಕೆ ಹೋಗುವುದು, ಬೆಳಿಗ್ಗೆ ಇಳಿಸುವುದು, ರಾತ್ರಿಯೆಲ್ಲ ಓಡಿಸಿಕೊಂಡು ವಾಪಸ್ ಬರುವುದು. ಉಡಿಗಾಲದ ಮನೆಗೆ ಬಂದರೆ ಉಂಡು ಮಲಗುವುದು.

ಈಚೆಗೆ ಅವನ ರೀತಿ ಬೇರೆಯಾಗಿತ್ತು. ದೀಪ ಹಚ್ಚುವ ಹೊತ್ತಿನಲ್ಲಿ ಹಿತ್ತಿಲಿಗೆ ಹೋದವನು ಕಲಗಚ್ಚಿನ ಬಾನಿಯೊಳಗೆ ಕಾಲಿಟ್ಟ. ಇನ್ನೊಂದು ದಿನ ಮನೆಯ ಮುಂದಿನ ಚರಂಡಿಗೆ ಬಿದ್ದು ಮೊಣಕೈ ತರಚಿಕೊಂಡ. ಎದುರು ಮನೆಯ ಮಹಾಲಕ್ಷ್ಮಮ್ಮ ಎತ್ತಿ ಕೂರಿಸಿ, ಆಮೇಲೆ ಶಶಿರೇಖಾಳ ಹತ್ತಿರ ಬಂದು, ಇವನೂ ಶುರು ಮಾಡಿಕೊಂಡನಾ ಎಂದು ಮೆಲ್ಲಗೆ ಕೇಳಿದ್ದಳು. ಶಿವಣ್ಣ ತನ್ನ ಸ್ವಂತ ತಮ್ಮ ಕಿರಣ್ ಕುಮಾರನ ಹೊಸ ಮನೆ ಒಕ್ಕಲಿನಲ್ಲಂತೂ ರಾತ್ರಿ ಚಪ್ಪರದಡಿ ಬಾಗಿಲಲ್ಲೇ ನಿಂತಿದ್ದ ತಮ್ಮನನ್ನು ಮಾತಾಡಿಸದೆ ಹಾಗೇ ದಾಟಿಕೊಂಡು ಹೋದ. ಏರಿಸಿಕೊಂಡು ಬಂದಿದ್ದಾನೆ ಎಂದು ಜನ ಆಡಿಕೊಂಡದ್ದು ಅವಳ ಕಿವಿಗೂ ಬಿತ್ತು. ಬದನಗುಪ್ಪೆಯ ಬಟ್ಟೆ ಕಾರ್ಖಾನೆಯಲ್ಲಿ ಹಗಲೆಲ್ಲ ನಿಂತು ದಾರ ಕತ್ತರಿಸಿ, ಊದಿದ ಕಾಲು ಎಳೆದುಕೊಂಡು ಬಸ್ಸಿಳಿಯುವ ಅವಳಿಗೆ ಜಗಳ ತೆಗೆಯುವಷ್ಟು ತ್ರಾಣ ಉಳಿದಿರಲಿಲ್ಲ. ಕೇಳಿದರೆ ಅವನು ಇಲ್ಲ ಎನ್ನುತ್ತಾನೆ. ಅಪ್ಪನೂ ಇಲ್ಲ ಎಂದೇ ಹೇಳುತ್ತಿದ್ದ.

ಆದ್ದರಿಂದ ಕಾರ್ಖಾನೆಗೆ ರಜೆ ಹಾಕಿ, ನನ್ನನ್ನೂ ಕರೆದುಕೊಂಡು ಹೋಗಿ, ಮದುವೆಯಾದಾಗಿನಿಂದ ಕೊಚ್ಚಿ ಕೊಚ್ಚಿ ಅಂತ ಕೇಳ್ತಾ ಇದೀನಿ, ಒಂದು ಸಲ ಕಣ್ಣಲ್ಲಿ ನೋಡಬೇಕು ಎಂದು ಹಠ ಹಿಡಿದಳು. ಎಲ್ಲಿ ನಿಲ್ಲಿಸುತ್ತಾನೆ, ಯಾರ ಜೊತೆ ಕೂರುತ್ತಾನೆ, ತಾನೇ ನೋಡಿಬಿಡಬೇಕು ಎಂಬುದು ಒಳಗಿನ ಲೆಕ್ಕ. ಒಲ್ಲೆ ಎನ್ನುತ್ತಾನೆ ಎಂದುಕೊಂಡಿದ್ದಳು. ಶಿವಣ್ಣ ಎರಡನೆಯ ಮಾತಿಲ್ಲದೆ ಒಪ್ಪಿಕೊಂಡ. ಅದೂ ಅವಳಿಗೆ ಅನುಮಾನವೇ ಆಯಿತು.

ದೋಣಿ ಗುಡುಗುಟ್ಟಿಕೊಂಡು ದಡ ಬಿಟ್ಟಿತು. ಮೈಕು ಹಿಡಿದ ಗೈಡು ಮಲಯಾಳದಲ್ಲೂ ಇಂಗ್ಲಿಷಿನಲ್ಲೂ ಏನೇನೋ ಹೇಳತೊಡಗಿದ. ಮಾರುಕಟ್ಟೆಯಲ್ಲಿ ಕಲಿತ ಮಲಯಾಳದಿಂದ ಶಿವಣ್ಣ ಅವಳಿಗೆ ಅಷ್ಟಿಷ್ಟು ಬಿಡಿಸಿ ಹೇಳಿದ. ಆಚೆ ದಡದಲ್ಲಿ ಕಾಣುವ ಹೆಂಚಿನ ಗೋದಾಮುಗಳು ಮೆಣಸು, ಶುಂಠಿ ಇಡುವವು. ಅದರಾಚೆ ಮಟ್ಟಾಂಚೇರಿ, ಹಳೆಯ ರಾಜರ ಅರಮನೆ ಇರುವ ಊರು. ಪೋರ್ಚುಗೀಸರು, ಡಚ್ಚರು, ಇಂಗ್ಲಿಷರು ಒಬ್ಬರ ಹಿಂದೊಬ್ಬರು ಬಂದು ಇಳಿದದ್ದು ಇದೇ ನೀರಿನ ಬಾಯಲ್ಲಂತೆ. ದಂಡೆಯುದ್ದಕ್ಕೂ ದೊಡ್ಡ ಮರದ ತೊಲೆಗಳಿಗೆ ಕಟ್ಟಿದ ಬಲೆಗಳು ಸಂಜೆಯ ಬೆಳಕಿನಲ್ಲಿ ಜೇಡನ ಹಾಗೆ ಕಾಲು ಚಾಚಿ ನಿಂತಿದ್ದವು.

"ಅಗಾ, ಅದು ಚೀನಾದವ್ರ ಬಲೆ. ನೀರ್ಗ ಇಳ್ಸಿ ಮ್ಯಾಕೆ ಎತ್ತಾರ," ಎಂದ ಶಿವಣ್ಣ.

"ಇಷ್ಟು ವರ್ಸದಿಂದ ಬತ್ತಿದ್ದೀರಿ, ಒಂದ್ಸಲನಾದ್ರೂ ಈ ದೋಣಿ ಅತ್ತಿದ್ರಾ?"

"ಯಾವಾಗ ಅತ್ತದು? ಲೋಡ್ ಇಳ್ಸದು, ಗಾಡಿ ಅಡೀಲಿ ಮಲಗದು, ವಾಪಸ್ ಒಂಡದು."

ಅವನು ನಗುತ್ತ ಹೇಳಿದ್ದು ಅವಳಿಗೆ ಚುಚ್ಚಿದಂತಾಯಿತು. ದೂರದ ಬಲೆಗಳನ್ನು ಅವನು ತನಗಿಂತ ಮೊದಲೇ ಗುರುತಿಸಿದ್ದ. ಮಾತು ನೆಟ್ಟಗಿತ್ತು, ಕೈ ನಡುಗುತ್ತಿರಲಿಲ್ಲ. ಹಿಂದಿನ ದಿನ ಲಾರಿಯಲ್ಲೂ ಅವನು ಎಲ್ಲೂ ಯಾರ ಜೊತೆಗೂ ಕೂತಿರಲಿಲ್ಲ. ಜೊತೆಗೆ ಹೊರಟಿದ್ದ ಇನ್ನೊಬ್ಬ ಡ್ರೈವರ್ ಮೃತ್ಯುಂಜಯನ ಲಾರಿಯ ಬೆನ್ನು ಹಿಡಿದು ಘಾಟಿ ಇಳಿದು ಬಂದಿದ್ದ, ಅಷ್ಟೇ. ಸುಮ್ಮನೆ ಅನುಮಾನಪಟ್ಟೆನೇನೋ ಎಂದು ಅವಳಿಗೆ ಅನಿಸಿತು. ಎಷ್ಟೋ ತಿಂಗಳಿಂದ ಬಿಗಿ ಹಿಡಿದಿದ್ದ ಭುಜ ಸಡಿಲವಾಗಿ, ಗಾಳಿಗೆ ಕಣ್ಣು ಮುಚ್ಚಿ ಬಂತು.

ಎಚ್ಚರವಾದಾಗ ಸೂರ್ಯ ಮುಳುಗಿದ್ದ. ದೋಣಿ ತಿರುಗಿಕೊಂಡು ವಾಪಸ್ ಬರುತ್ತಿತ್ತು. ಹಾಡು ಜೋರಾಗಿತ್ತು. ಬಿಳಿಯ ದೀಪ ಆರಿಸಿ ಸಣ್ಣ ಸಣ್ಣ ಬಣ್ಣದ ದೀಪ ಹಾಕಿದ್ದರು, ಯಾರೋ ಕಾಲೇಜಿನ ಹುಡುಗಿಯರು ಕುರ್ಚಿ ಸರಿಸಿ ಕುಣಿಯುತ್ತಿದ್ದರು. ಪಕ್ಕದ ಕುರ್ಚಿ ಖಾಲಿಯಿತ್ತು.  ತಾನು ನಿದ್ದೆ ಹೋದದ್ದೇ ಸಾಕು, ಕುಡಿಯಲು ಕೆಳಗೆ ಇಳಿದುಬಿಟ್ಟನಲ್ಲ ಎಂದುಕೊಳ್ಳುವಷ್ಟರಲ್ಲಿ ಮೆಟ್ಟಿಲ ಬಾಯಲ್ಲಿ ಅವನ ತಲೆ ಕಾಣಿಸಿತು.

ಎರಡು ಕೈಯಲ್ಲೂ ಕಾಗದದ ಲೋಟ. ಹಬೆಯಾಡುತ್ತಿತ್ತು, ಚಹಾ ಇರಬೇಕು. ಒಂದೊಂದೇ ಹೆಜ್ಜೆಯನ್ನು ಅಡಿಯಿಂದ ಸವರಿಕೊಂಡು ಅವನು ಕುರ್ಚಿಗಳ ನಡುವೆ ಬಂದ. ಅವಳ ಸಾಲಿನ ಹತ್ತಿರವೇ ಬಂದು ನಿಂತ. ಮಾರು ದೂರವೂ ಇರಲಿಲ್ಲ. ಮುಖ ಅವಳ ಕಡೆಗೇ ಇತ್ತು. ಏನೋ ತಮಾಷೆ ಮಾಡುತ್ತಿದ್ದಾನೆ ಎಂದು ಅವಳು ಸಣ್ಣಗೆ ನಕ್ಕಳು. ಅವನು ನಗಲಿಲ್ಲ.

"ಅಮ್ಮಿ," ಎಂದು ಕರೆದ, ಯಾರಿಗೂ ಕೇಳಿಸಬಾರದು ಎಂಬಷ್ಟು ಮೆಲ್ಲಗೆ. ಹೆಂಡತಿಯನ್ನು ಅವನು ಕರೆಯುತ್ತಿದ್ದುದು ಹಾಗೆಯೇ.

 ಅವಳು ಕೈ ಎತ್ತಿ ಅವನ ಮುಖದ ಎದುರಿಗೆ ಆಡಿಸಿದಳು. ಅವನ ಕಣ್ಣು ಅವಳ ತಲೆಯ ಮೇಲಿಂದ ದಾಟಿ, ಕಂಬಿಗೆ ಸುತ್ತಿದ್ದ ಬಣ್ಣದ ದೀಪಗಳ ಮೇಲೆ ನಿಂತಿತ್ತು. ಕುಣಿಯುತ್ತಿದ್ದವಳೊಬ್ಬಳು ಹಿಂದಕ್ಕೆ ಬಂದು ಅವನಿಗೆ ತಾಗಿದಳು. ಚಹಾ ತುಳುಕಿ ಕೈ ಮೇಲೆ ಸುರಿಯಿತು. ಅವನು ಲೋಟ ಬಿಡಲಿಲ್ಲ. ಪಕ್ಕದ ಕಂಬದ ಕಡೆ ತಿರುಗಿ, ಅಲ್ಲಿ ಯಾರೋ ನಿಂತಿದ್ದಾರೆ ಎನ್ನುವಂತೆ, ಸಾರಿ ಎಂದ.

ಶಶಿರೇಖಾ ಎದ್ದು ಅವನ ಕೈಯಿಂದ ಒಂದು ಲೋಟ ತೆಗೆದುಕೊಂಡಳು. "ಇಲ್ಲೇ ಇವ್ನಿ ಬನ್ನಿ," ಎಂದು ಮೊಣಕೈ ಹಿಡಿದು ಕೂರಿಸಿದಳು.

ಕುಡುಕನಲ್ಲ. ಮೊದಲು ಅವಳಿಗೆ ಹೊಳೆದದ್ದು ಅಷ್ಟೇ, ಮೈಯೆಲ್ಲ ಹಗುರವಾಯಿತು. ಮರುಕ್ಷಣವೇ ಆ ಹಗುರಕ್ಕೆ ನಾಚಿಕೆಯಾಯಿತು. ಅದರ ಹಿಂದೆಯೇ ನಿನ್ನೆ ರಾತ್ರಿ ಇಳಿದು ಬಂದ ಘಾಟಿಯ ತಿರುವುಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ಪಕ್ಕದ ಕಂದಕ, ಎದುರಿಗೆ ಏರಿ ಬರುತ್ತಿದ್ದ ಬಸ್ಸುಗಳು. ಅವಳು ಅದನ್ನೆಲ್ಲ ನೋಡಿ ಹೆದರಿ ಮಾತಾಡುತ್ತಿದ್ದರೂ ಶಿವಣ್ಣ ಮುಂದಿನ ಲಾರಿಯ ಕೆಂಪು ದೀಪದಿಂದ ಕಣ್ಣು ಕದಲಿಸಿರಲಿಲ್ಲ.

"ಯಾವಾಗ್ಲಿಂದ?" ಎಂದಳು.

"ಯಾನು?"

"ನಾ ನಿಮ್ ಮುಂದೇ ಕುಂತಿದ್ದೆ. ಕೈ ಆಡ್ಸ್ದೆ. ನಿಮ್ಗ ಕಾಣ್ನಿಲ್ಲ."

ಅವನು ಚಹಾ ಕುಡಿದ. ಸುಟ್ಟ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ದೋಣಿಯ ಹಾಡು ಒಂದು ಮುಗಿದು ಇನ್ನೊಂದು ಶುರುವಾಯಿತು. ಆಮೇಲೆ ಅವನು ಬಾಯಿಬಿಟ್ಟ. ಕತ್ತಲಾದರೆ ದೀಪಗಳು ಕಾಣುತ್ತವೆ, ದೀಪದ ಸುತ್ತ ಇರುವುದು ಕಾಣುವುದಿಲ್ಲ. ಮೊದಮೊದಲು ನಿದ್ದೆಗೆಟ್ಟು ಹೀಗಾಗಿದೆ ಎಂದುಕೊಂಡಿದ್ದ. ಹಬ್ಬಕ್ಕೆ ಮುಂಚೆ ಮೈಸೂರಿಗೆ ಹೋಗಿ ಕಣ್ಣಿನ ಡಾಕ್ಟರಿಗೆ ತೋರಿಸಿದ. ಟೈರು ತರುತ್ತೇನೆ ಎಂದು ಹೇಳಿ ಹೋಗಿದ್ದು ಅದಕ್ಕೇ. ಕಣ್ಣಿನ ಒಳಗಿನ ಪರದೆ ಸವೆಯುತ್ತಾ ಇದೆ, ಕನ್ನಡಕಕ್ಕೆ, ಆಪರೇಷನ್ನಿಗೆ ಬಗ್ಗುವಂಥದ್ದಲ್ಲ, ಇನ್ನು ಕತ್ತಲಲ್ಲಿ ಗಾಡಿ ಮುಟ್ಟಬೇಡ ಎಂದರು ಅವರು. ಮೃತ್ಯುಂಜಯನಿಗೆ ಮಾತ್ರ ಗೊತ್ತು. ಅವನು ಮುಂದೆ ಹೋಗುತ್ತಾನೆ, ತಿರುವು ಬಂದಾಗಲೆಲ್ಲ ಬ್ರೇಕು ತುಳಿದು ದೀಪ ತೋರಿಸುತ್ತಾನೆ, ಶಿವಣ್ಣ ಹಿಂದೆ ಹೋಗುತ್ತಾನೆ. ಹಾಗೇ ನಡೆದುಕೊಂಡು ಬಂದಿತ್ತು.

"ಕಿರಣನ್ ಮನೇಲೂ ಅದೇಯಾ?"

"ಅವ್ನ್ ಎಲ್ ನಿಂತಿದ್ನೋ ನಂಗೊತ್ತಿಲ್ಲ ಕಣಮ್ಮಿ. ದನಿ ಕೇಳಿದ್ರ ಗೊತ್ತಾಯ್ತಿತ್ತು."

"ನಾ ಕುಡೀತೀರಿ ಅನ್ಕಂಡಿದ್ದೆ."

ಶಿವಣ್ಣ ಆಶ್ಚರ್ಯಪಡಲಿಲ್ಲ. ಜನ ಹಾಗೆ ಅಂದುಕೊಂಡದ್ದು ಅವನಿಗೆ ಗೊತ್ತಿತ್ತು, ಅದೇ ವಾಸಿ ಎಂದು ಸುಮ್ಮನಿದ್ದ. "ಅದಾಗಿದ್ರ ಬುಟ್ಬುಡ್ಬೋದಿತ್ತು," ಎಂದ.

ಅವಳು ತನ್ನ ಚಹಾವನ್ನು ಮುಟ್ಟಿರಲಿಲ್ಲ. ಲೋಟವನ್ನು ಕಾಲ ಬಳಿ ಇಟ್ಟು, ಇವತ್ತು ಮೃತ್ಯುಂಜಯ ಎಲ್ಲಿ ಎಂದು ಕೇಳಿದಳು. ಅವನಿಗೆ ತೃಶೂರಿನಲ್ಲಿ ಬೇರೆ ಲೋಡು ಸಿಕ್ಕಿದೆ, ಮಧ್ಯಾಹ್ನವೇ ಹೋದ ಎಂದ ಶಿವಣ್ಣ. ಅಂದರೆ ಈ ರಾತ್ರಿ ಮುಂದೆ ಯಾರೂ ಇಲ್ಲ. ದೋಣಿ ಇಳಿದ ಕೂಡಲೇ ಹೊರಟು, ಬೆಳಗಿನ ಜಾವಕ್ಕೆ ಕಾಡಿನ ಚೆಕ್‌ಪೋಸ್ಟ್ ತಲುಪಿ, ರಾತ್ರಿಯೆಲ್ಲ ಮುಚ್ಚಿರುವ ಗೇಟು ತೆಗೆಯುತ್ತಲೇ ದಾಟಿ, ಗುಂಡ್ಲುಪೇಟೆಯಲ್ಲಿ ಗಾಡಿ ನಿಲ್ಲಿಸಬೇಕು. ಲಾರಿಯ ಸಾಹುಕಾರ ರಾಜಶೇಖರ್ ಮಧ್ಯಾಹ್ನದ ಲೋಡಿಗೆ ಮಾತು ಕೊಟ್ಟಿದ್ದರು.

"ಮತ್ತ ಎಂಗೆ ಓಗದು ಅನ್ಕಂಡಿದ್ರಿ?"

 ಅವನು ನೀರಿನ ಕಡೆ ಮುಖ ಮಾಡಿಕೊಂಡು ಹೇಳಿದ: "ನೀ ಪಕ್ಕದಲ್ಲಿ ಇರ್ತೀಯಲ್ಲ. ರೋಡ್ ನೋಡ್ಕಂಡು ಏಳ್ತೀಯ ಅನ್ಕಂಡಿದ್ದೆ."

ಅವನು ಯಾಕೆ ಎರಡನೆಯ ಮಾತಿಲ್ಲದೆ ಒಪ್ಪಿಕೊಂಡ ಎಂದು ಅವಳಿಗೆ ಆಗ ತಿಳಿಯಿತು. ತಾನು ಅವನನ್ನು ಕಾಯಲು ಬಂದಿದ್ದಳು, ಅವನು ತನ್ನನ್ನು ಕಣ್ಣಾಗಿ ಕೂರಿಸಿಕೊಳ್ಳಲು ಕರೆತಂದಿದ್ದ. ಸಿಟ್ಟು ಬರಬೇಕಾಗಿತ್ತು. ಬಂದದ್ದು ಬರೀ ದಣಿವು. ಕಾರ್ಖಾನೆಯಲ್ಲಿ ಸಂಜೆಯ ಗಂಟೆ ಹೊಡೆಯುವ ಮುಂಚೆ ಮೊಣಕಾಲಿನಿಂದ ಏರುತ್ತಿತ್ತಲ್ಲ, ಅಂಥದ್ದೇ. ಇಬ್ಬರೂ ಎಷ್ಟು ವರ್ಷದಿಂದ ಒಂದೇ ಮನೆಯಲ್ಲಿದ್ದೂ ಒಬ್ಬರು ಮಲಗಿದಾಗ ಇನ್ನೊಬ್ಬರು ಹೊರಡುತ್ತ ಬಂದಿದ್ದರು. ಅವನ ಮುಖವನ್ನು ಇಷ್ಟು ಹತ್ತಿರದಿಂದ ಕೂತು ನೋಡಿದ್ದು ಯಾವಾಗ ಎಂದು ಅವಳಿಗೆ ನೆನಪಾಗಲಿಲ್ಲ. ಕಣ್ಣಿನ ಸುತ್ತ ಚರ್ಮ ಒಣಗಿದ ಮೆಣಸಿನಕಾಯಿಯ ಹಾಗೆ ಸುಕ್ಕುಗಟ್ಟಿತ್ತು.

"ನಾ ಲಾರಿ ಅತ್ತಲ್ಲ," ಎಂದಳು.

"ಒಂದ್ ರಾತ್ರಿ ಕಣಮ್ಮಿ. ಮೆಲ್ಲಗ ಓಗನ."

"ನೀವೂ ಅತ್ತಲ್ಲ. ಫೋನ್ ಮಾಡಿ ಸಾವ್ಕಾರ್ರಿಗ."

"ಯಾನಂತ ಏಳನ? ಕ್ಲಚ್ ಓಗದ ಅನ್ನನಾ?"

"ಇರದನ್ನೇ ಏಳಿ."

ಅವನು ಫೋನು ತೆಗೆದು ಕೈಯಲ್ಲಿ ಹಿಡಿದುಕೊಂಡು ಕುಳಿತ. ಅಷ್ಟರಲ್ಲಿ ದೋಣಿ ದಡಕ್ಕೆ ಬಂದು ತಾಗಿತು. ಜನ ನುಗ್ಗಿಕೊಂಡು ಇಳಿದರು. ಎಲ್ಲರೂ ಹೋಗುವವರೆಗೆ ಶಶಿರೇಖಾ ಅವನ ತೋಳು ಹಿಡಿದು ಕೂತಿದ್ದು, ಆಮೇಲೆ ತಾನು ಮುಂದಾಗಿ ಮೆಟ್ಟಿಲಿಳಿದಳು. ಮೆಟ್ಟಿಲು, ಇನ್ನೊಂದು, ಈಗ ಹಲಗೆ ಎಂದು ಹೇಳುತ್ತ ಹೋದಳು. ಕೆಳಗೆ ನಿಂತಿದ್ದ ದೋಣಿಯವನು ಶಿವಣ್ಣನನ್ನು ನೋಡಿ ಕುಡಿದಿದ್ದಾನೆ ಎಂದುಕೊಂಡನೋ ಏನೋ, ನಕ್ಕು ಇನ್ನೊಂದು ಕೈ ಹಿಡಿದು ದಾಟಿಸಿದ. 

ದಡದಲ್ಲಿ ಸಿಮೆಂಟಿನ ಬೆಂಚು ಇತ್ತು. ಅಲ್ಲಿ ಕೂತು ಅವನು ರಾಜಶೇಖರರಿಗೆ ಫೋನು ಮಾಡಿದ. ಆ ಕಡೆ ಮಂಡಿಯ ಗದ್ದಲ ಕೇಳುತ್ತಿತ್ತು.

"ಸಾವ್ಕಾರ್ರೇ, ನಂಗ ಕತ್ಲಲ್ಲಿ ಕಣ್ಣು ಕಾಣಲ್ಲ. ಈಗಲ್ಲ, ಬಾಳಾ ದಿನಾಯ್ತು," ಎಂದ.

 ರಾಜಶೇಖರ್ ಬೈಯಲಿಲ್ಲ. ಇಷ್ಟು ದಿನ ನನ್ನ ಗಾಡಿಯನ್ನು ಹಾಗೇ ಓಡಿಸಿದೆಯಾ ಎಂದು ಒಂದು ಸಲ ಕೇಳಿದರು, ಆಮೇಲೆ ಇನ್ನೊಂದು ಸಲ ಅದನ್ನೇ ಕೇಳಿದರು. ಬೆಳಕು ಹರಿದ ಮೇಲೆ ಹೊರಟು, ಕತ್ತಲಾಗುವುದರೊಳಗೆ ತಂದು ನಿಲ್ಲಿಸು, ಕೀ ಮಂಡಿಯಲ್ಲಿ ಕೊಡು ಎಂದರು. ಹಗಲು ಹೊತ್ತು ಮಂಡಿಯಲ್ಲೇ ಏನಾದರೂ ಕೆಲಸ ಇದ್ದರೆ ಎಂದು ಶಿವಣ್ಣ ಕೇಳಿದ. ನೋಡೋಣ, ಮೊದಲು ಊರು ಸೇರಿಕೋ ಎಂದು ಫೋನು ಇಟ್ಟುಬಿಟ್ಟರು.

ಅವನು ಫೋನನ್ನು ಜೇಬಿಗೆ ಹಾಕಿಕೊಳ್ಳಲು ಎರಡು ಸಲ ಪ್ರಯತ್ನಪಟ್ಟ. ಮೂರನೆಯ ಸಲ ಅವಳೇ ತೆಗೆದುಕೊಂಡು ಹಾಕಿದಳು. ಊಟ ಮಾಡೋಣ ಎಂದು ಅವಳು ಹೇಳುವಷ್ಟರಲ್ಲಿ ಅವನ ತಲೆ ಅವಳ ಭುಜಕ್ಕೆ ಬಂದು ಒರಗಿತು. ಮೊದಲು ಅಳುತ್ತಿದ್ದಾನೆ ಎಂದುಕೊಂಡಳು. ಅವನು ನಿದ್ದೆ ಹೋಗಿದ್ದ. ಬಾಯಿ ಅರ್ಧ ತೆರೆದುಕೊಂಡು, ಕೈ ತೊಡೆಯ ಮೇಲೆ ಅಂಗಾತ ಬಿದ್ದುಕೊಂಡು, ಭಾರವಾಗಿ ಮಲಗಿದ್ದ. ಭುಜ ಜೋಮು ಹಿಡಿದರೂ ಅವಳು ಕದಲಲಿಲ್ಲ.

ಸ್ವಲ್ಪ ದೂರದಲ್ಲಿ ಆಚೆ ದ್ವೀಪಗಳಿಗೆ ಹೋಗುವ ಸರ್ಕಾರಿ ದೋಣಿ ಬಂದು ನಿಂತಿತು. ಕೆಲಸ ಮುಗಿಸಿ ಮನೆಗೆ ಹೋಗುವ ಹೆಂಗಸರು ಊಟದ ಡಬ್ಬಿಯ ಚೀಲಗಳನ್ನು ಹೆಗಲಿಗೆ ಏರಿಸಿಕೊಂಡು, ಮಾತಾಡುತ್ತ, ಕೆಳಗೆ ನೋಡದೆಯೇ ಕಪ್ಪು ನೀರಿನ ಸಂದನ್ನು ದಾಟಿ ಒಬ್ಬರ ಹಿಂದೊಬ್ಬರು ದೋಣಿಯೊಳಗೆ ಕಾಲಿಡುತ್ತಿದ್ದರು.