ಬಿಳಿ ಗ್ಲೇಜಿನ ಬೋಗುಣಿ

ಕುಂಬಾರನ ಹೆಂಡತಿ ತೀರಿಕೊಳ್ಳುವ ಮುಂಚೆ ತಿಗರಿಯ ಮೇಲೆ ಮಾಡಿದ ಕೊನೆಯ ಬೋಗುಣಿ ಅದು. ಒಳಗೆಲ್ಲ ಅವಳ ಬೆರಳಿನ ಗೆರೆಗಳು ಸುತ್ತುಸುತ್ತಾಗಿ ಉಳಿದಿದ್ದವು. ಅವಳ ಬೇರೆ ಪಾತ್ರೆಗಳೆಲ್ಲ ಮಾರಿಹೋಗಿದ್ದವು. ಕುಂಬಾರ ಅದನ್ನು ಒಮ್ಮೆ ಸುಟ್ಟು, ಪಾತ್ರೆಗೆ ಹೊಳಪು ಕೊಡುವ ಗ್ಲೇಜಿನ ಬಕೆಟ್ಟುಗಳ ಮುಂದೆ ನಿಂತ. ಹೆಂಡತಿಯ ತಾಯಿ ಪಕ್ಕದಲ್ಲೇ ಕೂತಿದ್ದರು.

"ಅತ್ತೆ, ಯಾವುದು ಹಾಕ್ಲಿ? ತಿಳಿಯಾಗಿರೋ ಗಾಜಿನ ಥರದ್ದೋ, ಬಿಳೀದೋ?"

"ಬಿಳಿ ಬಿಳಿ ಅಂತ ಬಾಯಿ ಬಡ್ಕೋತಿದ್ಲು. ಇದ್ದಾಗಂತೂ ಕೇಳ್ಲಿಲ್ಲ, ಈಗಾದ್ರೂ ಕೇಳಪ್ಪಾ ಮಹರಾಯ."

ಏನೂ ಕಡಿಮೆಯಾಗಬಾರದೆಂದು ಅವನು ಬೋಗುಣಿಯನ್ನು ಬಿಳಿ ಗ್ಲೇಜಿನಲ್ಲಿ ಎರಡು ಸಲ ಅದ್ದಿದ.

ಭಟ್ಟಿ ಆರಿದ ಮೇಲೆ ಬೋಗುಣಿ ಹಾಲಿನಂತೆ ಹೊಳೆಯುತ್ತ ಹೊರಬಂತು. ಅತ್ತೆ ಅದನ್ನು ಮಡಿಲಲ್ಲಿಟ್ಟುಕೊಂಡು ಒಳಗೆ ಬೆರಳಾಡಿಸಿದರು. ಕರಗಿದ ಗ್ಲೇಜು ಗೆರೆಗಳನ್ನೆಲ್ಲ ತುಂಬಿ ನುಣ್ಣಗಾಗಿಸಿತ್ತು.

"ಎಲ್ಲೋ ಅವಳ ಬೆರಳು?"

"ಗ್ಲೇಜಿನ ಅಡೀಲಿದೆ ಅತ್ತೆ."

ಸುಟ್ಟ ಗ್ಲೇಜನ್ನು ಕಿತ್ತು ತೆಗೆಯಲಾಗದೆಂದು ಇಬ್ಬರಿಗೂ ಗೊತ್ತಿತ್ತು. ಅತ್ತೆ ಬೆರಳಾಡಿಸುತ್ತಲೇ ಇದ್ದರು.