ಗೇಟಿನಾಚೆಯ ಸುಣ್ಣದ ಗೆರೆ

ನಿವೃತ್ತ ಡ್ರಿಲ್ ಮೇಷ್ಟ್ರು ಮೂವತ್ತು ವರ್ಷ ಶಾಲೆಯ ಮೈದಾನದಲ್ಲಿ ಸುಣ್ಣದ ಗೆರೆ ಎಳೆದವರು. ತಳಕ್ಕೆ ತೂತು ಕೊರೆದ ಡಬ್ಬಿಯನ್ನು ತಟ್ಟುತ್ತಾ ಹೆಜ್ಜೆಯಿಟ್ಟರೆ, ದಾರ ಹಿಡಿದಂತೆ ಓಟದ ದಾರಿ ಮೂಡುತ್ತಿತ್ತು. ಆ ಮೈದಾನವನ್ನು ಸರ್ಕಾರ ಕ್ರೀಡಾಂಗಣಕ್ಕೆಂದು ಕೇಳಿದಾಗ ಪೋಷಕರು ಒಪ್ಪಿರಲಿಲ್ಲ. ಮನೆಮನೆಗೆ ಹೋಗಿ ಒಪ್ಪಿಸಿದವರು ಮೇಷ್ಟ್ರೇ. ಮಕ್ಕಳು ಮೆತ್ತನೆಯ ಟ್ರ್ಯಾಕಿನ ಮೇಲೆ ಓಡುತ್ತಾರೆಂಬ ಅಧಿಕಾರಿಗಳ ಮಾತನ್ನು ತಮ್ಮ ಮಾತೆಂದೇ ಹಂಚಿದ್ದರು.

ನಲವತ್ತು ಸಾವಿರ ಜನ ಕೂರುವ ಕ್ರೀಡಾಂಗಣ ಎದ್ದಿತು. ಹನ್ನೊಂದು ದಿನದ ಪಂದ್ಯಾವಳಿ ಮುಗಿದ ಮೇಲೆ ಬಿದ್ದ ಬೀಗವನ್ನು ಆರು ವರ್ಷಗಳಲ್ಲಿ ತೆಗೆದದ್ದು ಭಾಷಣಗಳಿಗೆ ಮಾತ್ರ. ಗೋಡೆಗೆ ಬಣ್ಣ ಬಳಿಯಲು ವರ್ಷವರ್ಷವೂ ಜನರ ತೆರಿಗೆ ಸಿಗುತ್ತಿತ್ತು. ಸಿಗದಿದ್ದುದು ಆ ಜನರ ಮಕ್ಕಳಿಗೆ ಒಳಗೆ ಕಾಲಿಡುವ ಅನುಮತಿ. ಶಾಲೆಗೆ ಉಳಿದದ್ದು ಸೈಕಲ್ ನಿಲ್ಲಿಸುವಷ್ಟು ಅಂಗಳ.

ಆಯ್ಕೆಯ ಓಟಕ್ಕೆ ನಾಲ್ಕೇ ದಿನವಿತ್ತು. ಗೆದ್ದರೆ ಮೇಷ್ಟ್ರ ಮೊಮ್ಮಗಳಿಗೆ ಕ್ರೀಡಾಶಾಲೆಯಲ್ಲಿ ಸೀಟು. ಬೆಳಗ್ಗೆ ಮೇಷ್ಟ್ರು ಹಳೆಯ ಸುಣ್ಣದ ಡಬ್ಬಿ ಹಿಡಿದು, ಅವಳನ್ನು ಕರೆದುಕೊಂಡು ಕ್ರೀಡಾಂಗಣದ ಗೇಟಿಗೆ ಹೋದರು. ಕಾವಲುಗಾರ ಅವರ ಹಳೆಯ ಶಿಷ್ಯ. ಶಾಲೆಯಲ್ಲಿ ಅವನಿಗೆ ಆಮೆಯೆಂದೇ ಹೆಸರು.

"ಒಂದು ಗಂಟೆ ಬಿಡೋ ಆಮೆ."

"ನನ್ನ ಕೆಲಸ ಹೋಗುತ್ತೆ ಮೇಷ್ಟ್ರೇ. ಒಳಗೆ ಪಾರಿವಾಳ ಮಾತ್ರ ಓಡಾಡ್ತವೆ, ಅವಕ್ಕೆ ಪಾಸ್ ಬೇಡ."

ಮೇಷ್ಟ್ರು ನಗಲಿಲ್ಲ. ಗೇಟಿನ ಮುಂದೆ, ವಾಹನ ನಿಲ್ಲಿಸುವ ಡಾಂಬರಿನ ಬಯಲಿನಲ್ಲೇ ಡಬ್ಬಿ ತಟ್ಟತೊಡಗಿದರು. ಮಣ್ಣಿನಲ್ಲಿ ಸುಣ್ಣ ಕಚ್ಚಿಕೊಳ್ಳುತ್ತದೆ. ಇಬ್ಬನಿ ಬಿದ್ದ ಡಾಂಬರಿನ ಮೇಲೆ ಲೋಳೆಯಾಗುತ್ತದೆ. ಮಣ್ಣನ್ನಷ್ಟೇ ಬಲ್ಲ ಕೈಗೆ ಅದು ಹೊಳೆಯಲಿಲ್ಲ. ಮೂರನೆಯ ಸುತ್ತಿನ ತಿರುವಿನಲ್ಲಿ ಮೊಮ್ಮಗಳು ಗೆರೆ ತುಳಿದಳು, ಜಾರಿದಳು. ಬೀಗದ ಕೈ ಸೊಂಟದಲ್ಲೇ ಇದ್ದ ಆಮೆ ಅಂದು ಎಲ್ಲರಿಗಿಂತ ಮೊದಲು ಓಡಿಬಂದ.

ಮಂಡಿಯ ಚಿಪ್ಪು ಒಡೆದಿತ್ತು. ನಡೆಯುವುದಕ್ಕೇನೂ ತೊಂದರೆಯಾಗದು ಎಂದರು ವೈದ್ಯರು. ಓಟದ ಮಾತನ್ನು ಅವರೂ ಎತ್ತಲಿಲ್ಲ, ಮನೆಯವರೂ ಕೇಳಲಿಲ್ಲ. ಸೊಸೆ ಮಾವನವರಿಗೆ ಒಂದು ಕಟುನುಡಿಯನ್ನೂ ಆಡಲಿಲ್ಲ. ಆಡಿದ್ದರೆ ಅವರಿಗೆ ಹಗುರವಾಗುತ್ತಿತ್ತು.

ಆಸ್ಪತ್ರೆಯ ಮಂಚದ ಮೇಲಿಂದ ಮೊಮ್ಮಗಳು ಕೇಳಿದಳು: "ತಾತ, ಒಳಗಿನ ಟ್ರ್ಯಾಕ್ ನಿಜವಾಗ್ಲೂ ಅಷ್ಟು ಮೆತ್ತಗಿದೆಯಾ?"

ಅದರ ಮೇಲೆ ಅವರು ಒಮ್ಮೆಯೂ ಕಾಲಿಟ್ಟಿರಲಿಲ್ಲ.

"ಗೊತ್ತಿಲ್ಲ ಪುಟ್ಟಿ," ಎಂದರು ಮೇಷ್ಟ್ರು, ಉಗುರಿನ ಸಂದಿಯ ಸುಣ್ಣವನ್ನು ಕೆರೆಯುತ್ತಾ.