ಆರನೆಯ ಪಾಲು

ಡೀಸೆಲ್ಲೇ, ಅದರಲ್ಲೇನು ಅನುಮಾನ, ಅದರಲ್ಲೂ ಎಣ್ಣೆ ಕುಡಿಯುವ ಮುದಿ ಇಂಜಿನ್ನಿನ ಡೀಸೆಲ್, ಕೆಳಗೆ ತಿರುವಿನಲ್ಲಿ ಗೇರು ಬದಲಿಸಿದ ಬಸ್ಸಿನದು, ಅದರ ಬೆನ್ನಿಗೇ ಒದ್ದೆ ಎಲೆ ಸುಟ್ಟ ವಾಸನೆ, ಎಲೆಯೊಳಗೆ ಒಂದಿಷ್ಟು ಪ್ಲಾಸ್ಟಿಕ್ಕೂ ಇದೆ — ಕಸ ಗುಡಿಸುವ ಮಹಾರಾಯ ಇವತ್ತೂ ಕದ್ದು ಕಡ್ಡಿ ಗೀರಿದ್ದಾನೆ — ಮೂರನೆಯ ಮಹಡಿಯ ಕಿಟಕಿಯಲ್ಲಿ ಅವಳು ಇನ್ನೊಮ್ಮೆ ಉಸಿರೆಳೆದುಕೊಂಡು ತಲೆಯಾಡಿಸುತ್ತಾಳೆ, ಆಫೀಸಿನವರು ಮೂಗು ಮೇಡಂ ಅನ್ನುವುದು ಸುಮ್ಮನೆ ಅಲ್ಲ, ಮೊದಮೊದಲು ಬೆನ್ನ ಹಿಂದೆ ಅನ್ನುತ್ತಿದ್ದರು, ಈಗ ಎದುರಿಗೇ ಅನ್ನುತ್ತಾರೆ, ಅನ್ನಲಿ, ಇರುವ ಮೂಗಿಗೆ ಯಾಕೆ ನಾಚಿಕೆ. ಒಂದು ವರ್ಷ, ದಿನಕ್ಕೊಂದರಂತೆ ಫಿಲ್ಟರ್, ಈ ಕಟ್ಟಡದ ತಾರಸಿಯ ಮೇಲಿನ ಯಂತ್ರ ಊರಿನ ಗಾಳಿಯನ್ನು ಹೀರಿ ಹೀರಿ ಬಿಳಿ ಬಿಲ್ಲೆಗಳನ್ನು ಬೂದು ಮಾಡಿ ಕಂದು ಮಾಡಿ ಕೊಟ್ಟಿತು, ಪ್ರಯೋಗಾಲಯದವರು ಒಂದೊಂದರಲ್ಲೂ ಯಾವ ಲೋಹ ಎಷ್ಟು, ಮಸಿ ಎಷ್ಟು ಅಂತ ತೆಗೆದುಕೊಟ್ಟರು, ಆಮೇಲೆ ಅವಳ ಮಾಡೆಲ್ಲು — ಯಾವ್ಯಾವುದು ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತದೋ ಅವೆಲ್ಲ ಒಂದೇ ಮನೆಯವು ಅನ್ನುವುದು ಅದರ ನ್ಯಾಯ — ಇಡೀ ವರ್ಷದ ಸೂಕ್ಷ್ಮ ಧೂಳನ್ನು ಆರು ಪಾಲು ಮಾಡಿ ಮುಂದಿಟ್ಟು ಕೈತೊಳೆದುಕೊಂಡಿತು. ಪಾಲು ಮಾಡುತ್ತದೆ, ಹೆಸರಿಡುವುದಿಲ್ಲ, ಹೆಸರಿಡುವವಳು ಅವಳು. ಐದಕ್ಕೆ ಇಟ್ಟಾಗಿದೆ, ವಾಹನದ ಹೊಗೆ, ಕಸ ಸೌದೆ ಸುಟ್ಟದ್ದು, ರಸ್ತೆಯ ಧೂಳು, ಕಲ್ಲಿದ್ದಲು, ಗಾಳಿಯಲ್ಲೇ ಅನಿಲಗಳು ಸೇರಿ ಹುಟ್ಟಿದ ಕಣ. ಆರನೆಯದು ನೂರಕ್ಕೆ ಮೂರೇ ಮೂರು. ನಿನ್ನೆ ಸಂಜೆ ನಿರ್ದೇಶಕರು ಬಾಗಿಲಲ್ಲೇ ನಿಂತು, ಮೂರು ಪರ್ಸೆಂಟಿಗೆ ಯಾಕ್ರೀ ತಲೆ ಕೆಡಿಸ್ಕೋತೀರಿ, ಇತರೆ ಅಂತ ಹಾಕಿ ಕಳಿಸಿಬಿಡಿ, ನಾಳೆ ಹನ್ನೊಂದಕ್ಕೆ ನಗರಸಭೆ ಸಮಿತಿ ಕೈಲಿರಬೇಕು ಅಂದರು, ಇತರೆ ಅಂದ್ರೆ ಯಾರೂ ಅಲ್ಲ ಅಂತ ಅರ್ಥ ಸರ್ ಅಂದಳು ಅವಳು, ಅವರು ನಕ್ಕು ಹೋದರು. ಇತರೆಯಂತೆ ಇತರೆ, ಅವಳ ಕೈಗೆ ಬಂದ ಯಾವ ಪಾಲೂ ಇದುವರೆಗೆ ಹೆಸರಿಲ್ಲದೆ ಹೋಗಿಲ್ಲ.

ಸೀಸ, ಆಂಟಿಮನಿ, ಚಿಟಿಕೆ ಆರ್ಸೆನಿಕ್. ಬ್ರೇಕಿನ ಪುಡಿಯಾಗಿದ್ದರೆ ಜೊತೆಗೆ ತಾಮ್ರ ಬರಬೇಕಿತ್ತು, ಬಂದಿಲ್ಲ, ಅಂದಮೇಲೆ ಬ್ಯಾಟರಿಯೇ, ಯಾರೋ ಹಳೇ ಬ್ಯಾಟರಿ ಒಡೆದು ಸೀಸ ಕರಗಿಸುತ್ತಿದ್ದಾರೆ, ಪೂರ್ವದ ಗಾಳಿ ಬೀಸಿದಾಗಲೇ ಏರುತ್ತದೆ, ಇಲ್ಲೇ ಎಲ್ಲೋ, ಒಂದೆರಡು ಕಿಲೋಮೀಟರಿನೊಳಗೆ — ಸಿಕ್ಕಿಬಿದ್ದೆಯಲ್ಲೋ ಮಗನೇ. ಏರಿದ್ದನ್ನು ಯಾರು ಬೇಕಾದರೂ ಓದುತ್ತಾರೆ, ಸೊನ್ನೆಯಾದ ದಿನ ನೋಡ್ರಪ್ಪಾ, ಅವತ್ತು ಯಾರು ರಜ ಹಾಕಿದ್ರು ಅಂತ ಹುಡುಕಿ, ಹೊಸದಾಗಿ ಸೇರಿದವರಿಗೆಲ್ಲ ಅವಳು ಹೇಳುವ ಮೊದಲ ಪಾಠ ಅದೇ, ಇಲ್ಲಿದೆ ಸೊನ್ನೆ, ಒಂದಲ್ಲ ಹನ್ನೆರಡು, ಜನವರಿ ಒಂಬತ್ತನೇ ತಾರೀಖಿನಿಂದ ಇಪ್ಪತ್ತರವರೆಗೆ ಸಾಲಾಗಿ, ಗಾಳಿ ಮಾತ್ರ ಪೂರ್ವದ್ದೇ. ಮುಷ್ಕರವೇ, ಕರೆಂಟು ಹೋಗಿತ್ತೇ, ರಿಜಿಸ್ಟರಿನಲ್ಲಿ ಏನಾದರೂ ಗೀಚಿರಬಹುದು ಅಂತ ತೆಗೆದರೆ ಆ ಹನ್ನೆರಡು ದಿನವೂ ಫಿಲ್ಟರ್ ಬದಲಿಸಿದ ಸಹಿ ಅವಳದಲ್ಲ, ಹಿರಿಯ ಗುಮಾಸ್ತರದು, ಕೋಳಿ ಕೆದರಿದ ಹಾಗೆ, ಅವಳಿಗೆ ನಗು ಬಂತು, ಭಲೇ, ನಾನು ರಜ ಹಾಕಿದರೆ ಊರಿನ ಗಾಳಿ ಚೊಕ್ಕವಾಗುತ್ತದೆ, ಹಾಗಾದರೆ ಆರನೆಯ ಪಾಲು ನಾನೇ, ಬರೆದುಬಿಡಲೇ — ಯಾಕೆ ಹಾಕಿದ್ದೆ ರಜ, ಆಸ್ಪತ್ರೆ, ಹೌದು, ಭಾವನ ಹರ್ನಿಯಾ ಆಪರೇಷನ್, ಹೊಲಿಗೆ ಕೀವಾಗಿ ಎಳೆದಾಡಿದ್ದು, ಅಕ್ಕ ಮನೆ ಮಗು ನೋಡಿಕೊಳ್ಳಲಿ ಅಂತ ವಾರ್ಡಿನಲ್ಲಿ ಅವಳೇ ಕೂತದ್ದು, ಭಾವ ಮಲಗಿದಲ್ಲೇ ಚಡಪಡಿಸಿದ್ದು, ಹನ್ನೆರಡು ದಿನ ಆಯ್ತಲ್ಲೇ, ಕುಲುಮೆ ತಣ್ಣಗೆ ಕೂತಿದೆ, ಗಿರಾಕಿಗಳು ಬೇರೆ ಕಡೆ ಹೋಗ್ಬಿಡ್ತಾರೆ — ನಗು ಎಲ್ಲಿ ನಿಂತಿತೋ ಅವಳಿಗೇ ಗೊತ್ತಾಗಲಿಲ್ಲ.

ಅಕ್ಕನ ಮನೆಯ ಹಿತ್ತಲಿನ ತಗಡಿನ ಶೆಡ್ಡು, ಪೂರ್ವಕ್ಕೆ, ರೈಲುಹಳಿಯ ಆಚೆ, ಬಸ್ಸಿನಲ್ಲಿ ಎರಡೇ ಸ್ಟಾಪು, ಆಳೆತ್ತರ ಪೇರಿಸಿಟ್ಟ ಬ್ಯಾಟರಿಗಳನ್ನು ದಾಟಿಕೊಂಡೇ ಅಲ್ಲವೇ ಪ್ರತಿ ಭಾನುವಾರ ಊಟಕ್ಕೆ ಹೋಗುವುದು, ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಳಂತೆ, ಥೂ, ಮೂಗಂತೆ ಮೂಗು, ಸೀಸಕ್ಕೆಲ್ಲಿದೆ ವಾಸನೆ. ಭಾವ, ಪರೀಕ್ಷೆ ಪರೀಕ್ಷೆಗೂ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋಗಿ ಗೇಟಿನ ಹತ್ತಿರ ಮೂರು ಗಂಟೆ ಬಿಸಿಲಲ್ಲಿ ಕಾದ ಭಾವ, ನಮ್ಮ ನಾದಿನಿ ಹಿಡೀದೇ ಇರೋ ಹೊಗೆ ಇಲ್ಲ ಕಣ್ರೀ ಅಂತ ಬಂದವರ ಮುಂದೆಲ್ಲ ಎದೆಯುಬ್ಬಿಸುವ ಭಾವ, ಹೆಸರಿಟ್ಟರೆ ಶೆಡ್ಡಿಗೆ ಬೀಗ, ಶೆಡ್ಡಿಗೆ ಬೀಗ ಬಿದ್ದರೆ ಆ ಮನೆಯ ಒಲೆ ಹೇಗೆ ಉರಿಯಬೇಕು, ಇತರೆ ಅಂತ ಹಾಕಿದರೆ ಕೇಳುವವರಿಲ್ಲ, ಮೂರೇ ಪರ್ಸೆಂಟು, ನಿರ್ದೇಶಕರೇ ಹೇಳಿದ್ದಾರೆ, ಯಾರ ಗಂಟು ಹೋಗುತ್ತದೆ — ಗುಬ್ಬಿ. ಅಕ್ಕನ ಮಗಳು, ಆರು ವರ್ಷ, ಎಲ್ಲರ ಬಾಯಲ್ಲೂ ಗುಬ್ಬಿ, ಹೋದ ವರ್ಷ ನೂರರ ತನಕ ಗಡಗಡ ಎಣಿಸುತ್ತಿದ್ದವಳು ಈಗ ಮೂವತ್ತಕ್ಕೆ ನಿಂತು ಸೂರು ನೋಡುತ್ತಾಳೆ ಅಂತ ಟೀಚರ್ ಹೇಳಿಕಳಿಸಿದ್ದರು, ವಾರಕ್ಕೆರಡು ದಿನ ಹೊಟ್ಟೆನೋವು, ಹುಳದ ಔಷಧಿ ಕುಡಿಸಿದ್ದಾಯಿತು, ಸ್ಕೂಲು ತಪ್ಪಿಸೋಕೆ ಕಳ್ಳಾಟ ಕಣೇ ಅಂತ ಅಕ್ಕ, ಇವಳೂ ಹೂಂ ಅಂದಳು, ಹೂಂ ಅಂದು ಗುಬ್ಬಿಯನ್ನು ಹಿತ್ತಲ ಕಡೆಯ ಕಿಟಕಿಯ ಬಳಿ ಕೂರಿಸಿ, ಕಿಟಕಿಕಟ್ಟೆಯ ಮೇಲೆ ನುಣ್ಣನೆ ಬೂದು ಧೂಳು, ಬಾ ಪುಟ್ಟಿ ಇದೇ ನಮ್ಮ ಸ್ಲೇಟು, ಬೆರಳನ್ನ ನಾಲಿಗೆಗೆ ತಾಗಿಸಿ ಬರಿ, ಅಕ್ಷರ ಎಷ್ಟು ಚೆನ್ನಾಗಿ ಮೂಡುತ್ತೆ ನೋಡು — ಬೆರಳು ನಾಲಿಗೆಗೆ, ಧೂಳಿಗೆ, ಮತ್ತೆ ನಾಲಿಗೆಗೆ — ಹೇಳಿಕೊಟ್ಟವಳು ಬೇರೆ ಯಾರೂ ಅಲ್ಲ, ಇತರೆ ಅಲ್ಲ, ಚಿಕ್ಕಿ, ಸ್ವಂತ ಚಿಕ್ಕಿ.

ಕೂದಲೆಳೆಯಷ್ಟು ಅನುಮಾನ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು, ಇಲ್ಲ, ಅವಳ ಲೆಕ್ಕ ತಪ್ಪುವುದಿಲ್ಲ, ಆರನೆಯ ಸಾಲಿನ ಖಾಲಿ ಜಾಗದಲ್ಲಿ ಹಳೇ ಬ್ಯಾಟರಿ ಕರಗಿಸುವ ಕುಲುಮೆ ಎಂದು ಒತ್ತಿ ಒತ್ತಿ ಟೈಪು ಮಾಡುತ್ತಾಳೆ, ಕಳಿಸಿಯೂ ಆಯಿತು, ಭಾವ ಬೈಯಲಿ, ಜನ್ಮದಲ್ಲಿ ಮುಖ ನೋಡದೆ ಇರಲಿ, ಭಾವನಿಗೆ ಬೇರೆ ಕೆಲಸ ಹುಡುಕೋಣ, ನಾನೇನು ಸತ್ತುಹೋಗಿದ್ದೇನೆಯೇ, ಫೋನು, ಎತ್ತಕ್ಕಾ ಎತ್ತು, ಏನೇ ಇಷ್ಟೊತ್ತಲ್ಲಿ ಅಂತ ಅಕ್ಕ, ಅಕ್ಕಾ ಈಗಲೇ ಗುಬ್ಬೀನ ಆಸ್ಪತ್ರೆಗೆ ಕರ್ಕೊಂಡ್ ಬಾ, ರಕ್ತ ಪರೀಕ್ಷೆ ಮಾಡಿಸ್ಬೇಕು, ಅದು ಕಳ್ಳಾಟ ಅಲ್ಲ ಕಣೇ, ಸೀಸ, ಶೆಡ್ಡಿಂದು, ಮಕ್ಕಳ ಹೊಟ್ಟೆಗೂ ಬುದ್ಧಿಗೂ ಅದು ವಿಷ, ಕುಲುಮೆ ಆರಿಸು ಅನ್ನು ಭಾವಂಗೆ, ಅಯ್ಯೋ ಏನೇ ಹಾಗಂದ್ರೆ, ಹೆದರಿಸ್ಬೇಡ ಕಣೇ, ಇಲ್ಲೇ ಇದಾಳಲ್ಲ ಗುಂಡುಕಲ್ಲಿನ ಹಾಗೆ, ಇವತ್ತೂ ಹೊಟ್ಟೆನೋವು ಅಂತ ಸ್ಕೂಲಿಗೆ ಚಕ್ಕರ್ ಹೊಡೆದು ಕಿಟಕಿ ಹತ್ರ ಜಾಣೆ ಥರ ಕೂತಿದಾಳೆ, ನೀನು ಹೇಳ್ಕೊಟ್ಟಿದ್ದೇ ಬರೀತಿದಾಳೆ ನೋಡು — ಅಕ್ಕಾ ಅವಳ ಕೈ ಹಿಡಿ — ಯಾಕೇ — ಕೈ ಹಿಡಿಯೇ ಅಕ್ಕಾ, ಮೊದಲು ಕೈ — ಬೆರಳು ನಾಲಿಗೆಗೆ, ಧೂಳಿಗೆ, ನಾಲಿಗೆಗೆ, ಆ ಪುಟ್ಟ ಬೂದು ಬೆರಳು, ನಾಲಿಗೆಗೆ —